ಪಿಸುಮಾತಿನ ಮೊಗಸಾಲೆಯೂ ಬೆಳಕಿನ ಉಂಗುರವೂ

ಹಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯರನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ದಿದ್ದೆವು. ಮೇಲಣ ಮೊಗಸಾಲೆಯಲ್ಲಿ ಒಬ್ಬಳು ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದ ಮಾತು, ನೂರಡಿಗೂ ಮಿಕ್ಕ ದೂರದಲ್ಲಿ ಎದುರಿಗೆ ನಿಂತವಳಿಗೆ ಸ್ಪಷ್ಟವಾಗಿ ಕೇಳಿಸಿತು. ಆಗ ಒಬ್ಬ ಹುಡುಗಿಯು, "ಟೀಚರ್, ಬೆಳಕೂ ಹೀಗೆ ಗೋಡೆಯನ್ನು ಹಿಡಿದು ಸುತ್ತುವುದುಂಟೇ?" ಎಂದು ಕೇಳಿದಳು. "ಬೆಳಕು ನೇರವಾಗಿಯೇ ಹೋಗುವುದು" ಎಂದು ಹೇಳಿ ಆಕೆಯನ್ನು ಸುಮ್ಮನಾಗಿಸಿದೆನು. ಆ ಉತ್ತರವು ಸಾಲದಾಗಿತ್ತು. ಆ ಋಣವನ್ನು ಇಲ್ಲಿ ತೀರಿಸುವೆನು.

ಲಂಡನ್ನಿನ ಸಂತ ಪೌಲರ ದೇವಾಲಯದಲ್ಲಿಯೂ ಇಂತಹ ಮೊಗಸಾಲೆಯಿರುವುದು. ಶಬ್ದವು ಬಾಗಿದ ಗೋಡೆಯನ್ನು ಬಿಡದೆ ಅದರ ಅಂಚಿನಲ್ಲಿಯೇ ಸಾಗುವುದೆಂದು ಲಾರ್ಡ್ ರೇಲಿಯು 1910ರಲ್ಲಿ ಗಣಿತದಿಂದ ವಿವರಿಸಿದನು. ನಮ್ಮ ಸಿ. ವಿ. ರಾಮನ್ನರು 1921-22ರಲ್ಲಿ ಆ ದೇವಾಲಯವನ್ನೂ ಗೋಳಗುಮ್ಮಟವನ್ನೂ ಕುರಿತು ಬರೆದರು.

ಬೆಳಕಿಗೂ ಇಂತಹ ಮೊಗಸಾಲೆಯುಂಟು. ಗಾಜಿನೊಳಗಣ ಬೆಳಕು ಅಂಚನ್ನು ಬಹು ಓರೆಯಾಗಿ ಮುಟ್ಟಿದರೆ ಹೊರಬೀಳದೆ ಒಳಕ್ಕೇ ಪ್ರತಿಫಲಿಸುವುದು. ಕೂದಲಿನಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಅಡ್ಡಳತೆಯ ಶುದ್ಧ ಸಿಲಿಕಾ ಗೋಲಿಯಲ್ಲಿ ಬೆಳಕು ಹೀಗೆ ಸುತ್ತಬಲ್ಲುದು. ಸುತ್ತಳತೆಯೊಳಗೆ ಅಲೆಗಳು ಪೂರ್ಣಸಂಖ್ಯೆಯಲ್ಲಿ ಹಿಡಿಸಿದರೆ, ಸುತ್ತುಸುತ್ತಿಗೂ ಒಂದರ ಮೇಲೊಂದು ಕೂಡಿ ಬೆಳಕು ಬಲಗೊಳ್ಳುವುದು. ಇದೇ ಅನುರಣನ. ಒಳ್ಳೆಯ ಗೋಲಿಯಲ್ಲಿ ಬೆಳಕು ಕ್ಷೀಣಿಸುವ ಮೊದಲು ಸುಮಾರು 50 ಸಾವಿರ ಸುತ್ತು ಬರುವುದು!

ಹೀಗೆ ಕೂಡಿದ ಬೆಳಕು ಎರಡು ವಿಸ್ಮಯಗಳನ್ನು ತೋರುವುದು. ಮೊದಲನೆಯದು: ಪ್ರಬಲವಾದ ಬೆಳಕು ಗಾಜಿನ ಗುಣವನ್ನೇ ಕಿಂಚಿತ್ತು ಮಾರ್ಪಡಿಸಿ ಹೊಸ ವರ್ಣಗಳನ್ನು ಹುಟ್ಟಿಸುವುದು. 2007ರಲ್ಲಿ ಜರ್ಮನಿಯ ವಿಜ್ಞಾನಿಗಳು ಒಂದೇ ವರ್ಣದ ಲೇಸರನ್ನು ಇಂತಹ ಪುಟ್ಟ ಉಂಗುರಕ್ಕೆ ಹೊಗಿಸಿ, ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದ ಅನೇಕ ವರ್ಣಗಳನ್ನು ಪಡೆದರು. ಬೆಳಕಿನ ಕಂಪನಗಳನ್ನು ಎಣಿಸಲು ಇದು ಅಳತೆಗೋಲಾಗಿರುವುದು. ಎರಡನೆಯದು: ಬೆಳಕು ತಿರುಗುವಾಗ ಗೋಡೆಯನ್ನು ತಳ್ಳುವುದು. ಉಂಗುರವು ಅಣುವಿಗಿಂತಲೂ ಸೂಕ್ಷ್ಮವಾಗಿ ಹಿಗ್ಗಲು ಅಲೆಗಳ ಹೊಂದಿಕೆ ತಪ್ಪಿ ಬೆಳಕು ತಗ್ಗುವುದು. ತಗ್ಗಲು ಉಂಗುರವು ಕುಗ್ಗಿ ಬೆಳಕು ಮರಳಿ ತುಂಬುವುದು. ಈ ಕೊಡುಕೊಳ್ಳುವಿಕೆಯಿಂದ ಉಂಗುರವು ತಾನಾಗಿಯೇ ಕಂಪಿಸುವುದನ್ನು 2005ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಂಡರು. ಲೇಸರಿನ ವರ್ಣವನ್ನು ತುಸು ಬದಲಿಸಿದರೆ, ಅದೇ ಬೆಳಕು ಕಂಪನವನ್ನು ಅಡಗಿಸಲೂ ಬಲ್ಲುದು.

ತಂದೆತಾಯಿಗಳೇ, ನಿಮ್ಮ ಮಗಳ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ "ತಿಳಿಯದು, ಹುಡುಕೋಣ" ಎನ್ನಿರಿ. ಆ ದಿನ ಮೊಗಸಾಲೆಯಲ್ಲಿ ಕೇಳಿದ ವಿದ್ಯಾರ್ಥಿನಿಯು ಇದನ್ನು ಓದುತ್ತಿದ್ದರೆ, ಇದೋ ಉತ್ತರ: ಉಂಟು, ಮಗಳೇ, ಬೆಳಕೂ ಸುತ್ತುವುದು.