ಥರ್ಮೋಕೋಲಿನ ಗುಣದೋಷಗಳು

ನಮ್ಮ ವಾಚನಾಲಯದ ಬಾಂಧವರೊಬ್ಬರು ಮೊನ್ನೆ ಕೇಳಿದರು: “ಊರಿನಲ್ಲಿರುವ ತಾಯಿಯವರಿಗೆ ಇನ್ಸುಲಿನ್ ಒಯ್ಯಬೇಕಾಗಿದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟರೆ ದಾರಿಯುದ್ದಕ್ಕೂ ತಣ್ಣಗಿರುವುದಲ್ಲವೆ?” ಬರಿಯ ಪೆಟ್ಟಿಗೆಯಾದರೆ ಇರಲಾರದು. ಕಾರಣವನ್ನು ಅರಿತರೆ ಈ ವಸ್ತುವಿನ ಗುಣವೂ ದೋಷವೂ ತಿಳಿದಂತೆಯೇ.

ನಾವು ಥರ್ಮೋಕೋಲ್ ಎನ್ನುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಗಟ್ಟಿಯಾದ ನೊರೆ. 1950ರ ಸುಮಾರಿಗೆ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯವರು ಇದನ್ನು ರೂಪಿಸಿದರು. ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳಲ್ಲಿ ಪೆಂಟೇನ್ ಎಂಬ, ಬೇಗ ಆವಿಯಾಗುವ ದ್ರವವಿರುತ್ತದೆ. ಹಬೆ ತಗುಲಿದೊಡನೆ ಕಾಳು ಮೆತ್ತಗಾಗಿ, ಒಳಗಿನ ಪೆಂಟೇನ್ ಹಿಗ್ಗಿ, ಜೋಳದ ಅರಳಿನಂತೆ ಸುಮಾರು 40 ಪಟ್ಟು ಉಬ್ಬುತ್ತದೆ. ಉಬ್ಬಿದ ಕಾಳುಗಳನ್ನು ಅಚ್ಚಿನಲ್ಲಿ ತುಂಬಿ ಮತ್ತೊಮ್ಮೆ ಹಬೆ ಹಾಯಿಸಿದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪೆಂಟೇನ್ ಕ್ರಮೇಣ ಹೊರಟುಹೋಗಿ ಗಾಳಿ ಸೇರುತ್ತದೆ. ಹೀಗೆ 100 ಪಾಲಿನಲ್ಲಿ ಸುಮಾರು 98 ಪಾಲು ಗಾಳಿಯೇ!

ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡದು. ಕಂಬಳಿಯ ಗುಟ್ಟೂ ಇದೇ. ಹೊದ್ದರೆ ಮೈಯ ಬಿಸಿಯನ್ನು ಹೊರಗೆ ಬಿಡದು. ಮಂಜುಗಡ್ಡೆಗೆ ಸುತ್ತಿದರೆ ಹೊರಗಿನ ಬಿಸಿಯನ್ನು ಒಳಗೆ ಬಿಡದು. ಥರ್ಮೋಕೋಲೂ ಹಾಗೆಯೇ ತಂಪನ್ನು ಕಾಯುತ್ತದೆ, ಹುಟ್ಟಿಸದು.

ಆದುದರಿಂದ ಪೆಟ್ಟಿಗೆಯೊಳಗೆ ಐಸ್ ಪ್ಯಾಕ್ ಇಡಬೇಕು. ತೆರೆಯದ ಇನ್ಸುಲಿನ್ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಆದರೆ ಸೀಸೆ ಐಸಿಗೆ ತಾಗಕೂಡದು. ನಡುವೆ ದಪ್ಪ ಬಟ್ಟೆಯಿರಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಕರಗಿದ ಮೇಲೂ ಬಳಸಬಾರದು. ಮುಚ್ಚಳವನ್ನು ಪದೇ ಪದೇ ತೆಗೆಯಬಾರದು.

ಮೀನಿನ ಪೆಟ್ಟಿಗೆಗೂ ಶೀತಲಗೃಹದ ಗೋಡೆಗೂ ಇದೇ ಗುಣದಿಂದ ಥರ್ಮೋಕೋಲ್ ಉಪಯುಕ್ತ. ಪೆಟ್ಟು ಬಿದ್ದಾಗ ತಾನು ಕುಗ್ಗಿ ಒಳಗಿನ ಸಾಮಾನನ್ನು ಉಳಿಸುವುದರಿಂದ ಟಿ.ವಿ., ಗಾಜಿನ ಪಾತ್ರೆಗಳ ಸುತ್ತಲೂ ಇಡುತ್ತಾರೆ.

ಇನ್ನು ದೋಷಗಳು. ಸುಮಾರು 100 ಡಿಗ್ರಿಯಲ್ಲಿ ಇದು ಮೆತ್ತಗಾಗುವುದರಿಂದ ಕಾದ ಎಣ್ಣೆಯ ತಿಂಡಿಗೆ ತಕ್ಕದ್ದಲ್ಲ. ಪೆಟ್ರೋಲ್ ತಗುಲಿದರೆ ಕರಗುತ್ತದೆ. ಮಣ್ಣಿನಲ್ಲಿ ಬಹುಕಾಲ ಕೊಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಒಲೆ ಹೊತ್ತಿಸಲು ಇದರ ಚೂರುಗಳನ್ನು ಎಂದಿಗೂ ಹಾಕಬಾರದು. ಅದರ ಕಪ್ಪು ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲಗಳಿರುತ್ತವೆ. ಬಾಗಿಲು ಮುಚ್ಚಿದ ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳೊಡನೆ ಇರುವವರು ಇದನ್ನು ಮರೆಯಲಾಗದು.

ಅಲಂಕಾರದ ಥರ್ಮೋಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಗಣಪತಿಯ ಮಂಟಪಕ್ಕೆ ಬಾಳೆಕಂದು, ಮಾವಿನ ತೋರಣ ಸಾಕು. ಮನೆಗೆ ಬಂದ ಗಟ್ಟಿ ಪೆಟ್ಟಿಗೆಯನ್ನು ಮಾತ್ರ ಎಸೆಯದೆ ಅಟ್ಟದ ಮೇಲಿಡಿ. ಊರಿಗೆ ಔಷಧ ಒಯ್ಯುವ ದಿನ ಒದಗೀತು.