ಬುತ್ತಿಯೂ ಶಾಲೆಯೂ

ಮಕ್ಕಳ ಬುತ್ತಿಯಲ್ಲಿ ಏನಿರಬೇಕೆಂದು ಶಾಲೆ ಹೇಳಬಹುದೇ? ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಶಾಲೆಯೊಳಗೂ, ಅದರ ಗೇಟಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಬಾರದು. ಈ ನಿರ್ಬಂಧ ಮಾರಾಟಕ್ಕೆ. ತಾಯಿ ಕಟ್ಟಿದ ಬುತ್ತಿಗಲ್ಲ.

ಆರೋಗ್ಯದ ಮಾತನ್ನು ಗುರುಗಳು ಹೇಳಬೇಕು, ಪಾಲಕರು ಕೇಳಬೇಕು. ಆದರೆ ಇಚಲಕರಂಜಿಯ ಮಗ್ಗಗಳಿಗೆ ನಸುಕಿನಲ್ಲೇ ಹೋಗುವವರಿಗೆ ದಿನಕ್ಕೊಂದು ತಿನಿಸು ಮಾಡಲು ವೇಳೆಯೆಲ್ಲಿ? ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ ಸಾಕು, ಅವು ಪುಷ್ಟಿಕರವೇ.

ಡಬ್ಬಿಯಲ್ಲಿ ತತ್ತಿ ಇದೆಯೆಂದು ಒಬ್ಬನನ್ನು ದೂರ ಕೂರಿಸುವುದು ಆರೋಗ್ಯಪಾಠವಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು, ಅಸ್ಪೃಶ್ಯರೆನಿಸಿದ್ದ ಗಂಗಾರಾಮ ಕಾಂಬಳೆಯವರ ಹೋಟೆಲಿನಲ್ಲಿ ತಾವೇ ಚಹಾ ಕುಡಿದು ದಾರಿ ತೋರಿದರು. ವಿದ್ಯಾರ್ಥಿಗಳೇ, ಬುತ್ತಿ ಬಿಚ್ಚುವಾಗ ಎಲ್ಲರೂ ಒಂದೇ ಸಾಲಿನಲ್ಲಿ ಕೂಡಿರಿ.