ಅಪ್ಪ ಅಮ್ಮನನ್ನು ಗುಗೆನ್‌ಹೈಮ್‌ಗೆ ಕರೆದೊಯ್ಯುವವರಿಗೆ ಕಿವಿಮಾತು

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಮಕ್ಕಳು ಊರಿಂದ ಬಂದ ಹೆತ್ತವರಿಗೆ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್ ತೋರಿಸಿ ನ್ಯೂಯಾರ್ಕ್ ಮುಗಿಯಿತು ಅಂದುಕೊಳ್ಳುತ್ತಾರೆ. ಮಾಡರ್ನ್ ಆರ್ಟ್ ಅವರಿಗೇನು ಹಿಡಿಸೀತು ಎಂಬ ಅನುಮಾನ. ಅದನ್ನು ಬಿಡಿ. ಗುಗೆನ್‌ಹೈಮ್ ಮ್ಯೂಸಿಯಂ ಅವರಿಗೂ ದಕ್ಕುವಂಥದ್ದೇ. ಅವಸರ ಮಾತ್ರ ಮಾಡಬೇಡಿ.

• ಟಿಕೆಟ್ ಕೊಳ್ಳುವ ಮೊದಲು ಮ್ಯೂಸಿಯಂನ ವೆಬ್‌ಸೈಟ್ ನೋಡಿ. ಒಂದು ಪ್ರದರ್ಶನ ಇಳಿಸಿ ಇನ್ನೊಂದನ್ನು ಜೋಡಿಸುವ ದಿನಗಳಲ್ಲಿ, ಚಿತ್ರಗಳ ಮುಂದೆ ಸುತ್ತುತ್ತಾ ಮೇಲಕ್ಕೇರುವ ಸುರುಳಿ ದಾರಿಯನ್ನು ಮುಚ್ಚುವುದುಂಟು. ಆ ದಾರಿಯಲ್ಲಿ ನಡೆಯದೆ ಬಂದರೆ ಹೋಗಿಯೂ ಹೋಗದಂತೆ. ಕೈಲಾದಷ್ಟು ಕೊಟ್ಟು ಒಳಹೋಗುವ ಸಂಜೆಗಳೂ ಇರುತ್ತವೆ, ಆದರೆ ಜನ ಕಿಕ್ಕಿರಿದಿರುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ವಾರದ ನಡುವಿನ ಬೆಳಗ್ಗೆಯೇ ಲೇಸು.

• ಇಳಿದವರೇ ಬಾಗಿಲಿಗೆ ನುಗ್ಗಬೇಡಿ. ಫಿಫ್ತ್ ಅವೆನ್ಯೂ ದಾಟಿ ಸೆಂಟ್ರಲ್ ಪಾರ್ಕಿನ ಗೋಡೆಯ ಬಳಿ ನಿಂತು ಕಟ್ಟಡವನ್ನು ನೋಡಿ. ಸುತ್ತಲಿನವೆಲ್ಲ ನೆಟ್ಟಗೆ ನಿಂತ ಚೌಕಾಕಾರದ ಮನೆಗಳು. ನಡುವೆ ಇದೊಂದು ಬುಡ ಕಿರಿದು, ಮೇಲೆ ಹೋದಂತೆ ಅಗಲ, ಬುಗುರಿಯ ಹಾಗೆ.

• ಅಲ್ಲೇ ನಿಂತು ಅದರ ಕಥೆಯನ್ನೂ ಹೇಳಿ. ಹಿಲ್ಲಾ ರೆಬೇ ಎಂಬ ಚಿತ್ರಗಾರ್ತಿ ಧನಿಕ ಸಾಲೊಮನ್ ಗುಗೆನ್‌ಹೈಮ್ ಅವರಿಗೆ ಹೊಸ ಕಲೆಯ ರುಚಿ ಹತ್ತಿಸಿದವರು. ಆ ಚಿತ್ರಗಳಿಗೊಂದು ಮನೆ ಕಟ್ಟಿಕೊಡಿ ಎಂದು 1943ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರಿಗೆ ಪತ್ರ ಬರೆದವರೂ ಅವರೇ. ಕಟ್ಟಡ ತೆರೆದದ್ದು 1959ರ ಅಕ್ಟೋಬರ್ 21ರಂದು. ಗುಗೆನ್‌ಹೈಮ್ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ರೈಟ್ 91ರ ವಯಸ್ಸಿನಲ್ಲಿ 1959ರ ಏಪ್ರಿಲ್‌ನಲ್ಲಿ ಹೋದರು. ಕಟ್ಟಿಸಿದವರಿಲ್ಲ, ಕಟ್ಟಿದವರೂ ಇಲ್ಲ, ಬಾಗಿಲು ತೆರೆಯಿತು. ಮನೆ ಕಟ್ಟಿಸಿ ಗೊತ್ತಿರುವ ನಮ್ಮ ಹಿರಿಯರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

• ಲಿಫ್ಟ್ ಹಿಡಿದು ನೇರ ಮೇಲಕ್ಕೆ ಹೋಗಿ, ಇಳಿಯುತ್ತಾ ನೋಡಿ. ರೈಟ್ ಬಯಸಿದ್ದೂ ಹಾಗೆಯೇ. ಈಗ ಪ್ರದರ್ಶನಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಜೋಡಿಸುತ್ತಾರೆ, ಹಾಗಾಗಿ ಒಬ್ಬನೇ ಕಲಾವಿದನ ಬದುಕಿನ ಕೆಲಸ ಇಟ್ಟಿದ್ದರೆ ಮುಪ್ಪಿನಿಂದ ಯೌವನಕ್ಕೆ ಬಂದಂತಾಗುತ್ತದೆ. ಆಗಲಿ. ಏರುತ್ತಾ ಹೋದರೆ ಮೊಣಕಾಲಿನ ನೋವು ಚಿತ್ರದ ಕಡೆಗೆ ಮನಸ್ಸು ಹೋಗಗೊಡುವುದಿಲ್ಲ. ದಾರಿಯಲ್ಲಿ ಕೂರುವ ಜಾಗವೂ ಕಡಿಮೆ. ಅಗತ್ಯವಿದ್ದರೆ ಗಾಲಿಕುರ್ಚಿ ಕೇಳಿ, ಸಂಕೋಚ ಬೇಡ.

• ನಾನು ಒತ್ತಿ ಹೇಳುವುದು ಇದನ್ನು. ಆ ದಾರಿ ನೂರಕ್ಕೆ ಮೂರರಷ್ಟು ವಾಲಿದೆ. ವಾಲಿರುವುದು ಕಣ್ಣಿಗೆ ಅಷ್ಟಾಗಿ ಕಾಣದು, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಅದು ನಮ್ಮನ್ನು ತಾನಾಗಿ ಮುಂದಕ್ಕೆ ಒಯ್ಯುತ್ತದೆ. ಸುಮಾರು ನಾನೂರು ಮೀಟರ್ ದಾರಿ ಹೀಗೆ ಸುಮ್ಮನೆ ಸರಿದುಹೋಗುತ್ತದೆ, ಒಂದು ಚಿತ್ರವೂ ನೆನಪಿನಲ್ಲಿ ಉಳಿಯುವುದಿಲ್ಲ. ಅದಕ್ಕೇ ಬೇಕೆಂದೇ ನಿಲ್ಲಬೇಕು. ಒಂದು ಸುತ್ತಿಗೆ ಒಂದು ಚಿತ್ರ ಸಾಕು, ಅದರ ಮುಂದೆ ಐದು ನಿಮಿಷ. ಆಮೇಲೆ ಹಿಂದೆ ತಿರುಗಿ, ನಡುವಿನ ಬಯಲಿನಾಚೆ ಎದುರು ಗೋಡೆ ನೋಡಿ. ಆಗಷ್ಟೇ ಹತ್ತಿರದಿಂದ ನೋಡಿ ಬಂದ ಚಿತ್ರ ಅಲ್ಲಿ ಅಂಗೈಯಷ್ಟಾಗಿ ಕಾಣುತ್ತದೆ, ಬಣ್ಣಗಳೇ ಬೇರೆ ರೀತಿ ಕೂಡಿಕೊಂಡಿರುತ್ತವೆ. ಕೋಣೆ ಕೋಣೆಯಾಗಿ ಕಟ್ಟಿದ ಮ್ಯೂಸಿಯಂ ಈ ಭಾಗ್ಯ ಕೊಡಲಾರದು. ಕಟ್ಟಡ ಏಳುತ್ತಿದ್ದ 1956ರಲ್ಲೇ 21 ಕಲಾವಿದರು ಬಾಗಿದ ಗೋಡೆ, ವಾಲಿದ ನೆಲ ಚಿತ್ರಕ್ಕೆ ಒಗ್ಗುವುದಿಲ್ಲ ಎಂದು ಪತ್ರ ಬರೆದು ಪ್ರತಿಭಟಿಸಿದ್ದರು. ಅವರ ಆತಂಕ ಸುಳ್ಳಲ್ಲ. ಆದರೂ ಈ ದೂರದ ನೋಟಕ್ಕಾಗಿ ನಾನು ರೈಟ್ ಪಕ್ಷ.

• ಚಿತ್ರಕಾರ ಕಾಂಡಿನ್‌ಸ್ಕಿಯ 150ಕ್ಕೂ ಹೆಚ್ಚು ಕೃತಿಗಳು ಈ ಸಂಗ್ರಹದಲ್ಲಿವೆ. ಎಲ್ಲವನ್ನೂ ಒಮ್ಮೆಗೇ ತೂಗುಹಾಕುವುದಿಲ್ಲ. 1923ರ 'ಕಾಂಪೊಸಿಷನ್ 8' ಸಿಕ್ಕರೆ ಬಿಡಬೇಡಿ. ವೃತ್ತ, ತ್ರಿಕೋನ, ಗೆರೆ, ಅಷ್ಟೇ. ಇದೇನು ಎಂದು ಅಮ್ಮ ಕೇಳಿದರೆ ಅರ್ಥ ಹೇಳಲು ಹೋಗಬೇಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಜಾರಿತು ಎಂದು ಕೇಳಿ. ಚುಕ್ಕಿ ಇಟ್ಟು ರಂಗೋಲಿ ಎಳೆದ ಕೈ ಅವರದು. ಗೆರೆಯ ತೂಕ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

• ಪಿಕಾಸೊನ 'ಇಸ್ತ್ರಿ ಮಾಡುವ ಹೆಂಗಸು' ನನಗೆ ಅಲ್ಲಿನ ಎಲ್ಲ ಚಿತ್ರಗಳಿಗಿಂತ ಮಿಗಿಲು. 1904ರದ್ದು. ಬೂದಿ ಬಣ್ಣ, ಎಲುಬು ಕಾಣುವ ಭುಜ, ಇಸ್ತ್ರಿಪೆಟ್ಟಿಗೆಯ ಮೇಲೆ ಇಡೀ ಮೈಭಾರ. ಇದಕ್ಕೆ ವಿವರಣೆ ಬೇಕಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತಿರಿ. ನೋಡಿ ಮುಗಿದ ಮೇಲೆ ಒಂದು ಮಾತು ಹೇಳಬಹುದು: ಆ ಬಣ್ಣದ ಅಡಿಯಲ್ಲಿ ಮೀಸೆಯ ಗಂಡಸೊಬ್ಬನ ಚಿತ್ರ ತಲೆಕೆಳಗಾಗಿ ಅಡಗಿದೆ. ಕೈ ಬರಿದಾಗಿದ್ದ ಆ ದಿನಗಳಲ್ಲಿ ಪಿಕಾಸೊ ಹಳೆಯ ಕ್ಯಾನ್‌ವಾಸನ್ನೇ ತಿರುಗಿಸಿ ಬಳಸಿದ್ದ. ಈ ಚಿತ್ರ, ಜೊತೆಗೆ ವ್ಯಾನ್ ಗಾಗ್, ಸೆಜಾನ್, ಮಾನೆ ಚಿತ್ರಗಳು ಬಂದದ್ದು ಕಲಾ ವ್ಯಾಪಾರಿ ಜಸ್ಟಿನ್ ಟಾನ್‌ಹೌಸರ್ ಅವರ ಕೊಡುಗೆಯಾಗಿ. ಆ ಹೆಸರಿನ ಗ್ಯಾಲರಿ ಎಲ್ಲಿ ಎಂದು ಸಿಬ್ಬಂದಿಯನ್ನು ಕೇಳಿ. ಸುರುಳಿಯಲ್ಲೇ ಸುತ್ತಿ ಬಂದವರು ಅದನ್ನು ತಪ್ಪಿಸಿಕೊಳ್ಳುತ್ತಾರೆ.

• ಸುರುಳಿ ದಾರಿಯ ಅಂಚಿನ ಗೋಡೆ ತಗ್ಗು. ಮೊಮ್ಮಕ್ಕಳ ಕೈ ಬಿಡಬೇಡಿ, ಮೊಬೈಲನ್ನು ಅದರಾಚೆ ಚಾಚಬೇಡಿ. ದೊಡ್ಡ ಚೀಲ ಕೆಳಗೆ ಕೊಟ್ಟುಬಿಡಿ.

• ಮೆಟ್ರೊಪಾಲಿಟನ್ ಮ್ಯೂಸಿಯಂ 82ನೇ ಬೀದಿಯಲ್ಲೇ ಇದೆ, ಅದನ್ನೂ ಮುಗಿಸಿಬಿಡೋಣ ಎನ್ನಬೇಡಿ. ಎರಡೂ ಕೆಡುತ್ತವೆ. ಬದಲಿಗೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಎದುರಿನ ಪಾರ್ಕಿನಲ್ಲಿ ಕೂತು ಊಟ ಮಾಡಿ. ಯಾವ ಚಿತ್ರ ಇಷ್ಟವಾಯಿತು, ಯಾವುದು ಆಗಲಿಲ್ಲ ಎಂದು ಆಗ ಮಾತಾಡಿ. ಅಪ್ಪ ಒಂದೂ ಇಷ್ಟವಾಗಲಿಲ್ಲ ಎಂದರೆ ಅದನ್ನೂ ಗೌರವದಿಂದ ಕೇಳಿಸಿಕೊಳ್ಳಿ, ಯಾಕೆ ಅಂತ ವಿಚಾರಿಸಿ.

• ಸಬ್‌ವೇ 4, 5, 6ರಲ್ಲಿ ಬಂದರೆ 86ನೇ ಬೀದಿಯ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ನಡೆಯಬೇಕು. ಮೆಟ್ಟಿಲು ಕಷ್ಟವಾದರೆ ಮ್ಯಾಡಿಸನ್ ಅವೆನ್ಯೂ ಮೇಲೆ ಉತ್ತರಕ್ಕೆ ಹೋಗುವ ಎಂ1ರಿಂದ ಎಂ4ವರೆಗಿನ ಬಸ್ಸು ಹಿಡಿಯಿರಿ. ಮರಳುವಾಗ ಅವೇ ಬಸ್ಸುಗಳು ಫಿಫ್ತ್ ಅವೆನ್ಯೂನಲ್ಲಿ, ಮ್ಯೂಸಿಯಂ ಇರುವ ರಸ್ತೆಯಲ್ಲೇ ದಕ್ಷಿಣಕ್ಕೆ ಓಡುತ್ತವೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಡಿ. ಸಂಜೆಯಾದರೆ ಪೆನ್ ಸ್ಟೇಷನ್‌ನಲ್ಲಿ ನ್ಯೂಜೆರ್ಸಿಯ ಎಡಿಸನ್ ಕಡೆಯ ರೈಲಿಗೆ ಅವರಿಗೆ ಸೀಟು ಸಿಗುವುದು ಕಷ್ಟ.